ಸೀಮೆಎಣ್ಣೆ, ಸುಣ್ಣ ಮತ್ತು ವಿಮಾನದ ಕಾಲು

ಪ್ರಶ್ನೆ: ಚಿತ್ರದುರ್ಗದ ಹತ್ತಿರ ಹೆದ್ದಾರಿ ಬದಿಯಲ್ಲಿ ಮೂವತ್ತು ವರ್ಷದಿಂದ ಲಾರಿ ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ಮಗಳು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಬೆಂಗಳೂರಿನಲ್ಲಿ ವಿಮಾನದ ಭಾಗಗಳನ್ನು ಓವರ್‌ಹಾಲ್ ಮಾಡುವ ಒಂದು ಕಡೆ ಎನ್‌ಡಿಟಿ, ಅಂದರೆ ಭಾಗವನ್ನು ಹಾಳು ಮಾಡದೆ ಪರೀಕ್ಷಿಸುವ ವಿಭಾಗಕ್ಕೆ ಸೇರಿದ್ದಾಳೆ. ಕತ್ತಲೆ ರೂಮಿನಲ್ಲಿ ಕೂತು ಲ್ಯಾಂಡಿಂಗ್ ಗೇರಿನ ಭಾಗಗಳ ಮೇಲೆ ಹಸಿರು ಗೆರೆ ಹುಡುಕುವುದು ಅವಳ ಕೆಲಸವಂತೆ. ನಾವು ಆಕ್ಸಲ್ ಮೇಲೆ ಅನುಮಾನ ಬಂದರೆ ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಸುಣ್ಣ ಬಳಿದು ನೋಡುತ್ತಿದ್ದೆವು. ವಿಮಾನಕ್ಕೂ ಹೆಚ್ಚುಕಡಿಮೆ ಇದೇ ಅಂದರೆ ನಂಬಿಕೆ ಬರುತ್ತಿಲ್ಲ. ಎಕ್ಸ್‌ರೇ ತೆಗೆದರೆ ಒಂದೇ ಸಲಕ್ಕೆ ಗೊತ್ತಾಗುವುದಿಲ್ಲವೇ? ಸಣ್ಣ ಬಿರುಕಾದರೆ ವೆಲ್ಡ್ ಮಾಡಿ ಉಳಿಸಿಕೊಳ್ಳಬಹುದೇ? ಅವಳು ಸರಿ ಇದೆ ಎಂದು ಸಹಿ ಹಾಕಿದ ಮೇಲೂ ಮುರಿದರೆ ಹೊಣೆ ಅವಳದೇ? ಬಿಡಿಸಿ ಹೇಳಿ ಸರ್.

ಉತ್ತರ: ನಿಮ್ಮ ಸೀಮೆಎಣ್ಣೆ–ಸುಣ್ಣದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಮಗಳ ಕೆಲಸದ ಬೇರು ಅಲ್ಲೇ ಇದೆ. ರೈಲ್ವೆ ವರ್ಕ್‌ಶಾಪುಗಳಲ್ಲಿ ಆಕ್ಸಲ್‌ಗಳನ್ನು ದಶಕಗಳ ಕಾಲ ನೋಡಿದ್ದು ಹೀಗೆಯೇ. ತೆಳು ಎಣ್ಣೆ ಬಿರುಕಿನೊಳಗೆ ತಾನಾಗಿ ಇಳಿಯುತ್ತದೆ. ಮೇಲೆ ಒರೆಸಿದರೂ ಒಳಗಿನದು ಉಳಿಯುತ್ತದೆ. ಸುಣ್ಣ ಅದನ್ನು ಹೀರಿದಾಗ ಬಿಳಿಯ ಮೇಲೆ ಕಂದು ಗೆರೆ ಎದ್ದು ಬರುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಮೇಲೆ ಏರಿಸುವುದೂ ಇದೇ ಗುಣದಿಂದ. ಇವತ್ತಿನ ಡೈ ಪೆನಿಟ್ರಂಟ್ ಪರೀಕ್ಷೆ ಇದರ ನೇರ ಮೊಮ್ಮಗು. ಸೀಮೆಎಣ್ಣೆಯ ಜಾಗಕ್ಕೆ ಅತಿನೇರಳೆ ಬೆಳಕಿನಲ್ಲಿ ಹೊಳೆಯುವ ದ್ರವ ಬಂದಿದೆ, ಸುಣ್ಣದ ಜಾಗಕ್ಕೆ ಡೆವಲಪರ್ ಪುಡಿ ಬಂದಿದೆ, ಎಷ್ಟು ಹೊತ್ತು ನೆನೆಸಬೇಕು, ಹೇಗೆ ತೊಳೆಯಬೇಕು ಎಂಬುದಕ್ಕೆಲ್ಲ ಲಿಖಿತ ಕ್ರಮ ಬಂದಿದೆ. ವಿಮಾನದ ಅಲ್ಯುಮಿನಿಯಂ ಚಕ್ರಗಳಿಗೆ, ಟೈಟೇನಿಯಂ ಭಾಗಗಳಿಗೆ ಇಂದಿಗೂ ಇದನ್ನು ಬಳಸುತ್ತಾರೆ.

ಆದರೆ ಮಗಳು ಹುಡುಕುವ ಹಸಿರು ಗೆರೆ ಬಹುಪಾಲು ಬೇರೆ ಪರೀಕ್ಷೆಯದು. ಲ್ಯಾಂಡಿಂಗ್ ಗೇರಿನ ಮುಖ್ಯ ಅಂಗಗಳು, ಅಂದರೆ ಹೊರ ಸಿಲಿಂಡರ್, ಅದರೊಳಗೆ ಜಾರುವ ಪಿಸ್ಟನ್, ಆಕ್ಸಲ್, ದೊಡ್ಡ ಪಿನ್ನುಗಳು, ಹೆಚ್ಚಿನ ವಿಮಾನಗಳಲ್ಲಿ ಉಕ್ಕಿನವು. ಉಕ್ಕನ್ನು ಅಯಸ್ಕಾಂತ ಮಾಡಬಹುದು. ಹಾಗಾಗಿ ಅಲ್ಲಿ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆಯೇ ಮುಂದು. ಶಾಪಿನಲ್ಲಿ ಎಂಪಿಐ ಎನ್ನುತ್ತೇವೆ. ಪೆನಿಟ್ರಂಟ್ ಕೆಲಸ ಮಾಡಬೇಕಾದರೆ ಬಿರುಕಿನ ಬಾಯಿ ತೆರೆದಿರಬೇಕು, ಒಳಗೆ ಖಾಲಿ ಇರಬೇಕು. ಹತ್ತು ವರ್ಷ ಗ್ರೀಸು, ಹೈಡ್ರಾಲಿಕ್ ಎಣ್ಣೆ, ರನ್‌ವೇ ಧೂಳು ಕುಡಿದ ಬಿರುಕು ಖಾಲಿ ಇರುವುದಿಲ್ಲ. ಶಾಟ್ ಪೀನಿಂಗ್‌ನಲ್ಲಿ ಸಣ್ಣ ಗುಂಡು ಬಡಿದು ಬಡಿದು ಬಾಯಿ ಮುಚ್ಚಿಕೊಂಡಿರಲೂಬಹುದು. ಅಯಸ್ಕಾಂತದ ಬಲಕ್ಕೆ ಕೊಳೆಯ ಹಂಗಿಲ್ಲ. ಉಕ್ಕಿನ ನಡುವೆ ಎಲ್ಲಿ ಕಡಿದುಹೋಗಿದೆಯೋ ಅಲ್ಲಿ ಅದು ಹೊರಕ್ಕೆ ಸೋರುತ್ತದೆ, ಸೋರಿದ ಕಡೆ ಕಬ್ಬಿಣದ ಸಣ್ಣ ಕಣಗಳು ಹೋಗಿ ಅಂಟುತ್ತವೆ.

ಇನ್ನು ಎಕ್ಸ್‌ರೇ. ಇದು ಎಲ್ಲರೂ ಕೇಳುವ ಪ್ರಶ್ನೆ, ಕೇಳುವುದರಲ್ಲಿ ತಪ್ಪಿಲ್ಲ. ಎಕ್ಸ್‌ರೇ ತೋರಿಸುವುದು ನೆರಳು. ಲೋಹ ಎಲ್ಲಿ ಕಡಿಮೆ ಇದೆಯೋ ಅಲ್ಲಿ ಕಪ್ಪಾಗುತ್ತದೆ. ಎರಕದೊಳಗಿನ ಗಾಳಿಗುಳ್ಳೆ, ವೆಲ್ಡಿನ ಪೊಳ್ಳು ಚೆನ್ನಾಗಿ ಕಾಣುತ್ತವೆ. ಆದರೆ ದಣಿವಿನಿಂದ, ಅಂದರೆ ಪದೇ ಪದೇ ಭಾರ ಬಿದ್ದು, ಹುಟ್ಟಿದ ಬಿರುಕಿನಲ್ಲಿ ಲೋಹ ಕಡಿಮೆಯಾಗಿಯೇ ಇಲ್ಲ, ಎರಡು ಮುಖ ಒಂದಕ್ಕೊಂದು ಅಂಟಿಕೊಂಡೇ ನಿಂತಿವೆ. ಕಿರಣ ಬಿರುಕಿನ ನೇರಕ್ಕೇ ಹಾದುಹೋದರೆ ಮಾತ್ರ ಏನಾದರೂ ಕಂಡೀತು, ಒಂದಿಷ್ಟು ಓರೆಯಾದರೆ ಏನೂ ಇಲ್ಲ. ಅದೂ ದಪ್ಪ ಉಕ್ಕಿನಲ್ಲಿ. ಬಿಚ್ಚಲಾಗದ ಪಿನ್ನಿಗೆ, ಬೋಲ್ಟಿಗೆ ಕಿವಿಗೆ ಕೇಳದ ಶಬ್ದದ ಅಲೆ ಕಳಿಸಿ ನೋಡುವ ಅಲ್ಟ್ರಾಸಾನಿಕ್ ಇದೆ. ಒಂದು ನಿರ್ದಿಷ್ಟ ತೂತಿನ ಅಂಚಿಗೆ, ಚಕ್ರದಲ್ಲಿ ಟೈರು ಕೂರುವ ಬದಿಗೆ, ಲೋಹದೊಳಗೆ ಸುಳಿ ಕರೆಂಟ್ ಎಬ್ಬಿಸಿ ನೋಡುವ ಎಡ್ಡಿ ಕರೆಂಟ್ ಇದೆ. ಅವು ಗೊತ್ತಿರುವ ಜಾಗವನ್ನು ಕೆದಕಿ ನೋಡುವ ಉಪಕರಣಗಳು. ಇಡೀ ಸಿಲಿಂಡರಿನ ಮೈಯನ್ನು ಒಂದೇ ಬೈಠಕ್‌ನಲ್ಲಿ ನೋಡಬೇಕೆಂದರೆ ಎಂಪಿಐಗೆ ಸಮನಾದದ್ದು ನನಗೆ ಕಂಡಿಲ್ಲ.

ವೆಲ್ಡಿಂಗ್ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಉಕ್ಕಿನ ಸ್ವಭಾವ ಹೇಳಬೇಕು. ಲ್ಯಾಂಡಿಂಗ್ ಗೇರಿನಲ್ಲಿ ತುಂಬ ಬಳಕೆಯಲ್ಲಿರುವ ಉಕ್ಕಿನ ಹೆಸರು 300ಎಂ. 4340 ಎಂಬ ಹಳೆಯ ಮಿಶ್ರ ಉಕ್ಕಿಗೇ ಸಿಲಿಕಾನ್ ಹೆಚ್ಚಿಸಿ, ಚೂರು ವನೇಡಿಯಂ ಬೆರೆಸಿ ಮಾಡಿದ್ದು. ಮನೆ ಕಟ್ಟುವಾಗ ತರುವ 500 ದರ್ಜೆಯ ಕಂಬಿ 500 ಮೆಗಾಪಾಸ್ಕಲ್ ಎಳೆತ ದಾಟಿದರೆ ಹಿಗ್ಗಿ ಹಾಗೆಯೇ ಉಳಿಯುತ್ತದೆ. 300ಎಂ ತುಂಡಾಗಬೇಕಾದರೆ 1,900 ಮೆಗಾಪಾಸ್ಕಲ್ ದಾಟಬೇಕು. ಈ ಬಲ ಇಲ್ಲದಿದ್ದರೆ ವಿಮಾನದ ಕಾಲು ಎರಡರಷ್ಟು ದಪ್ಪವಾಗಿ, ಮಡಚಿ ಹೊಟ್ಟೆಯೊಳಗೆ ಇಡಲು ಜಾಗವೇ ಸಾಲುತ್ತಿರಲಿಲ್ಲ. ಆದರೆ ಈ ಬಲ ಪುಕ್ಕಟೆ ಸಿಕ್ಕಿದ್ದಲ್ಲ. ನೀವು ಮುರಿದ ಲಾರಿ ಆಕ್ಸಲ್‌ಗಳನ್ನು ನೋಡಿದ್ದೀರಿ: ಅರ್ಧಕ್ಕರ್ಧ ಮುಖ ಹಳೆಯದಾಗಿ, ತುಕ್ಕು ಹಿಡಿದು ಕಪ್ಪಾಗಿರುತ್ತದೆ, ಉಳಿದರ್ಧ ಮಾತ್ರ ಹೊಸದಾಗಿ ಹೊಳೆಯುತ್ತದೆ. ಅಂದರೆ ಆ ಆಕ್ಸಲ್ ಅರ್ಧ ಬಿರುಕು ಬಿಟ್ಟುಕೊಂಡೇ ಬಹಳ ದಿನ ಓಡಿದೆ. 300ಎಂ ಹಾಗೆ ತಾಳಿಕೊಳ್ಳುವ ಜಾತಿಯದಲ್ಲ. ಹೆಚ್ಚು ಭಾರ ಬೀಳುವ ಜಾಗದಲ್ಲಿ ಒಂದೆರಡು ಮಿಲಿಮೀಟರ್ ಆಳದ ಬಿರುಕೇ ಸಾಕು, ಮುಂದಿನದು ಒಂದೇ ಏಟಿಗೆ.

ಹಾಗಾಗಿ ನಮ್ಮಲ್ಲಿ ‘ಸಣ್ಣ ಬಿರುಕು, ಮುಂದಿನ ಸಲ ನೋಡೋಣ’ ಎಂಬ ಮಾತೇ ಇಲ್ಲ. ವೆಲ್ಡ್ ಅಂತೂ ಇಲ್ಲವೇ ಇಲ್ಲ. ಈ ಉಕ್ಕನ್ನು ಹದ ಮಾಡುವುದು ಸುಮಾರು 300 ಡಿಗ್ರಿಯಲ್ಲಿ, ವೆಲ್ಡಿನ ಬಿಸಿ ತಾಗಿದ ಕಡೆ ಆ ಹದ ಪೂರ್ತಿ ಹಾಳು. ಮೇಲ್ಮೈಯ ಗೀರು, ಸಣ್ಣ ತುಕ್ಕಿನ ಗುಳಿಯನ್ನು ತಯಾರಕರ ಕೈಪಿಡಿ ಒಪ್ಪುವಷ್ಟು ಆಳದವರೆಗೆ ಸವರಿ ತೆಗೆಯಬಹುದು. ತೆಗೆದ ಮೇಲೆ ಮತ್ತೆ ಪರೀಕ್ಷೆ, ಮತ್ತೆ ಪೀನಿಂಗ್, ಮತ್ತೆ ಲೇಪ. ಅಳತೆ ಮೀರಿದರೂ ಬಿರುಕು ಉಳಿದಿದ್ದರೆ ಆ ಭಾಗವನ್ನು ಯಾರೂ ಮತ್ತೆ ಬಳಸದಂತೆ ಕತ್ತರಿಸಿ ಗುಜರಿಗೆ ಹಾಕುತ್ತಾರೆ. ಇನ್ನೊಂದು ವಿಷಯ: ಬಿರುಕು ಇರಲಿ ಬಿಡಲಿ, ಕಾಲಿನ ಹಲವು ಭಾಗಗಳಿಗೆ ಇಷ್ಟು ಲ್ಯಾಂಡಿಂಗ್ ಆಯಿತೆಂದರೆ ಆಯುಷ್ಯ ಮುಗಿಯಿತು ಎಂದು ಮೊದಲೇ ಲೆಕ್ಕ ಹಾಕಿರುತ್ತಾರೆ. ಕನ್ನಡಿಯಂತೆ ಹೊಳೆಯುತ್ತಿದ್ದರೂ ಅದನ್ನು ತೆಗೆದಿಡಬೇಕು.

ಈಗ ಮಗಳ ಕತ್ತಲೆ ರೂಮಿಗೆ ಹೋಗೋಣ. ಉದಾಹರಣೆಗೆ ಹೊರ ಸಿಲಿಂಡರ್ ಬಂದಿದೆ ಎಂದುಕೊಳ್ಳಿ. ಬಣ್ಣ, ಕ್ಯಾಡ್ಮಿಯಂ, ಕ್ರೋಮ್ ಎಲ್ಲ ಕಳಚಿ ಬರಿ ಉಕ್ಕು ಮಾಡಿರುತ್ತಾರೆ. ಎಣ್ಣೆ ದಾರಿಗಳಿಗೆ, ಸಣ್ಣ ತೂತುಗಳಿಗೆ ಬಿರಡೆ ಹಾಕಿರುತ್ತಾರೆ. ಸಿಲಿಂಡರಿನ ಹೊಟ್ಟೆಯೊಳಗಿಂದ ಒಂದು ತಾಮ್ರದ ದಪ್ಪ ಸರಳು ತೂರಿಸಿ ಅದರಲ್ಲಿ ಕರೆಂಟ್ ಹರಿಸುತ್ತಾರೆ. ಕರೆಂಟ್ ಹರಿಯುವುದು ಸರಳಿನಲ್ಲಿ, ಅಯಸ್ಕಾಂತವಾಗುವುದು ಸುತ್ತಲಿನ ಸಿಲಿಂಡರ್. ನೇರವಾಗಿ ಭಾಗಕ್ಕೇ ಕರೆಂಟ್ ಕೊಡುವುದೂ ಉಂಟು, ಆದರೆ ಅಲ್ಲಿ ಕಿಡಿ ಹಾರಿದರೆ ತಾಗಿದ ಜಾಗ ಗಾಜಿನಂತೆ ಬಿರುಸಾಗಿ, ಪರೀಕ್ಷೆಯೇ ಬಿರುಕಿಗೆ ಬೀಜ ಬಿತ್ತಿದಂತಾಗುತ್ತದೆ. ಇದೇ ಕಾರಣಕ್ಕೆ ತುದಿಗಳಿಗೆ ತಾಮ್ರದ ಹೆಣೆದ ಮೆತ್ತೆ ಇಟ್ಟೇ ಹಿಡಿಸಬೇಕು ಎಂಬ ಕಟ್ಟುನಿಟ್ಟು.

ಒಂದು ದಿಕ್ಕಿಗೆ ಅಯಸ್ಕಾಂತ ಮಾಡಿದರೆ ಸಾಲದು. ಕಾಲುವೆಗೆ ಅಡ್ಡ ಇಟ್ಟ ಕಲ್ಲು ನೀರನ್ನು ಮೇಲಕ್ಕೆ ಎಬ್ಬಿಸುತ್ತದೆ, ನೀರು ಹರಿಯುವ ಉದ್ದಕ್ಕೇ ಮಲಗಿಸಿದ ಕೋಲು ಎಬ್ಬಿಸುವುದಿಲ್ಲ. ಬಿರುಕೂ ಹಾಗೆ. ಅಯಸ್ಕಾಂತದ ಗೆರೆಗಳಿಗೆ ಅಡ್ಡ ಬಿದ್ದಿದ್ದರೆ ಕಾಣುತ್ತದೆ, ಅವುಗಳ ಜೊತೆಗೇ ಮಲಗಿದ್ದರೆ ಎಷ್ಟೇ ದೊಡ್ಡದಿದ್ದರೂ ತಪ್ಪಿಸಿಕೊಳ್ಳಬಹುದು. ಸರಳಿನ ಕರೆಂಟ್ ಉದ್ದುದ್ದ ಬಿರುಕನ್ನು ಹಿಡಿದರೆ, ಸುತ್ತಲೂ ಕಾಯಿಲ್ ಹಾಕಿ ಕೊಡುವ ಕರೆಂಟ್ ಅಡ್ಡ ಬಿರುಕನ್ನು ಹಿಡಿಯುತ್ತದೆ. ಎರಡನ್ನೂ ಮಾಡಬೇಕು, ಪ್ರತಿ ಸಲವೂ ಸುತ್ತು ತಿರುಗಿಸಿ ನೋಡಬೇಕು.

ಹೊಳೆಯುವ ಲೇಪ ಇರುವ ಕಬ್ಬಿಣದ ಕಣಗಳನ್ನು ಸೀಮೆಎಣ್ಣೆಯ ಜಾತಿಯ ತೆಳು ಎಣ್ಣೆಯಲ್ಲಿ ಕಲಕಿ ಭಾಗದ ಮೇಲೆ ಹರಿಸುತ್ತಾರೆ. ಹರಿವು ನಿಲ್ಲುವುದಕ್ಕೂ ಕರೆಂಟ್ ಬೀಳುವುದಕ್ಕೂ ಒಂದು ಲಯವಿದೆ, ಅದು ಕೈಗೆ ಬರಲು ತಿಂಗಳುಗಳು ಬೇಕು. ಕರೆಂಟ್ ಕೊಟ್ಟ ಮೇಲೂ ಎಣ್ಣೆ ಸುರಿಯುತ್ತಿದ್ದರೆ ಬಿರುಕಿನ ಮೇಲೆ ಕೂತ ಕಣಗಳು ತೊಳೆದು ಹೋಗುತ್ತವೆ. ಆ ಎಣ್ಣೆಯ ಹದವನ್ನೂ ದಿನಾ ನೋಡಬೇಕು. 100 ಮಿಲಿಲೀಟರ್ ತೆಗೆದು, ಕೆಳಗೆ ಕಿರಿದಾದ ಗಾಜಿನ ಕೊಳವೆಯಲ್ಲಿ ಒಂದು ಗಂಟೆ ಅಲುಗದಂತೆ ಇಟ್ಟರೆ ತಳದಲ್ಲಿ 0.1ರಿಂದ 0.4 ಮಿಲಿಲೀಟರ್ ಕಣ ಕೂರಬೇಕು. ಕಡಿಮೆಯಾದರೆ ಬಿರುಕು ಮೂಡುವುದಿಲ್ಲ. ಹೆಚ್ಚಾದರೆ ಇಡೀ ಮೈ ಹಸಿರು ಮಂಜಿನಂತಾಗಿ ಗೆರೆ ಅದರಲ್ಲಿ ಮುಳುಗಿಹೋಗುತ್ತದೆ. ಹಳ್ಳಿಯ ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವವರಷ್ಟೇ ನಿಷ್ಠೆಯಿಂದ ಇದನ್ನು ಬೆಳಗ್ಗೆ ಬೆಳಗ್ಗೆ ನೋಡಬೇಕು.

ಆಮೇಲೆ ದೀಪ. 365 ನ್ಯಾನೊಮೀಟರ್ ಅತಿನೇರಳೆ ಬೆಳಕು, 38 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ 1,000 ಮೈಕ್ರೊವ್ಯಾಟ್‌ಗೆ ಕಡಿಮೆ ಇರಬಾರದು. ಹೊರಗಿನ ಬಿಳಿ ಬೆಳಕು ಸುಮಾರು 20 ಲಕ್ಸ್ ಮೀರಬಾರದು. ಬಿಸಿಲಿಂದ ಒಳಗೆ ಬಂದವರು ಕಣ್ಣು ಕತ್ತಲೆಗೆ ಹೊಂದುವವರೆಗೆ ಸುಮ್ಮನೆ ಕಾಯಬೇಕು. ನಿಯಮ ಕಡಿಮೆಯೆಂದರೆ ಒಂದು ನಿಮಿಷ ಎನ್ನುತ್ತದೆ, ನಾನು ನನ್ನ ಹುಡುಗರನ್ನು ಐದು ನಿಮಿಷ ಕೂರಿಸುತ್ತೇನೆ. ಮಗಳಿಗೆ ಕನ್ನಡಕ ಇದ್ದರೆ, ಬಿಸಿಲಿಗೆ ತಾನೇ ಕಪ್ಪಾಗುವ ಗಾಜು ಹಾಕಿಸಬೇಡಿ. ಆ ಗಾಜು ಕಪ್ಪಾಗುವುದು ಅತಿನೇರಳೆ ಬೆಳಕಿಗೇ, ಅಂದರೆ ಅವಳು ದೀಪ ಹಿಡಿದ ಕೂಡಲೇ ಕಣ್ಣಿಗೆ ಪರದೆ ಎಳೆದಂತೆ. ಇನ್ನು ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಬಟ್ಟೆ ಆ ದೀಪಕ್ಕೆ ನೀಲಿಯಾಗಿ ಉರಿಯುತ್ತದೆ, ಅದರ ಬೆಳಕು ಭಾಗದ ಮೇಲೇ ಬೀಳುತ್ತದೆ. ಕಡು ಬಣ್ಣದ ಕೋಟು ಕೊಡುವುದು ಅದಕ್ಕೆ.

ಬಿರುಕು ಹೇಗೆ ಕಾಣುತ್ತದೆ ಎಂದು ಅವಳು ನಿಮಗೆ ಹೇಳಿರಬಹುದು. ಕೂದಲೆಳೆಯಷ್ಟು ಸಣ್ಣ, ಅಂಚು ಚೂಪಾದ, ಹಳದಿ ಬೆರೆತ ಹಸಿರು ಗೆರೆ. ಒಂದು ಸಲ ಕಂಡವರಿಗೆ ಮರೆಯುವುದಿಲ್ಲ. ಆದರೆ ಕಾಣುವ ಗೆರೆಯೆಲ್ಲ ಬಿರುಕಲ್ಲ. ದಪ್ಪ ಹೋಗಿ ತೆಳುವಾಗುವ ಕಡೆ, ಥ್ರೆಡ್ಡಿನ ಬುಡದಲ್ಲಿ, ಕೀವೇ ಅಂಚಿನಲ್ಲಿ ಕಣಗಳು ಅಗಲವಾಗಿ, ಮಸುಕಾಗಿ ಕೂರುತ್ತವೆ. ಅಯಸ್ಕಾಂತವಾದ ಎರಡು ಭಾಗ ಒಂದಕ್ಕೊಂದು ತಗುಲಿದರೂ ಗೀಚಿದಂತೆ ಗುರುತು ಬೀಳುತ್ತದೆ. ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಇದಕ್ಕೆ ಒಂದೇ ಪಾಠ ಹೇಳುತ್ತಿದ್ದರು: ಒರೆಸು, ಅಯಸ್ಕಾಂತ ಇಳಿಸು, ಮತ್ತೆ ಬರಿಸು. ಹಾಗೆ ತಗುಲಿ ಬಿದ್ದ ಸುಳ್ಳು ಗೆರೆ ಎರಡನೆಯ ಸಲ ಬರುವುದಿಲ್ಲ, ಥ್ರೆಡ್ಡು, ಕೀವೇ ಕಡೆಯದು ಬಂದರೂ ಮಸುಕಾಗಿಯೇ ಇರುತ್ತದೆ. ಬಿರುಕು ಅದೇ ಜಾಗದಲ್ಲಿ, ಅದೇ ಉದ್ದದಲ್ಲಿ, ಅಷ್ಟೇ ಚೂಪಾಗಿ ಬಂದು ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿಯೂ ಮುರಿಯುವುದುಂಟೇ? ಉಂಟು. ನಿಮ್ಮ ಹೊಣೆಯ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ನಾನು ಹೊಸಬರಿಗೆಲ್ಲ ಹೇಳುವ ಎರಡು ಅಪಘಾತಗಳನ್ನು ನಿಮಗೂ ಹೇಳುತ್ತೇನೆ. ಎರಡೂ ಅಮೆರಿಕದವು, ಎರಡೂ ಫೆಡ್‌ಎಕ್ಸ್‌ನ ಎಂಡಿ-10 ಸರಕು ವಿಮಾನಗಳು. 2006ರ ಜುಲೈ 28ರಂದು ಮೆಂಫಿಸ್‌ನಲ್ಲಿ ಇಳಿದ ವಿಮಾನದ ಎಡಗಾಲು ಕುಸಿದು ಬೆಂಕಿ ಹತ್ತಿತು. 2016ರ ಅಕ್ಟೋಬರ್ 28ರಂದು ಫೋರ್ಟ್ ಲಾಡರ್‌ಡೇಲ್‌ನಲ್ಲಿ ಇನ್ನೊಂದು ವಿಮಾನ ಇಳಿದು ಓಡುತ್ತಿರುವಾಗ ಅದರ ಎಡಗಾಲೂ ಕುಸಿಯಿತು, ರೆಕ್ಕೆ ನೆಲಕ್ಕೆ ಉಜ್ಜಿ ಬೆಂಕಿ ಹತ್ತಿತು. ಎರಡರಲ್ಲೂ ಸಿಬ್ಬಂದಿ ಜೀವ ಉಳಿಸಿಕೊಂಡರು. ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿದಾಗ ಎರಡೂ ಬಿರುಕುಗಳು ಹುಟ್ಟಿದ್ದು ಒಂದೇ ತರದ ಜಾಗದಲ್ಲಿ ಎಂದು ಗೊತ್ತಾಯಿತು: ಹೊರ ಸಿಲಿಂಡರಿನಲ್ಲಿ ಗಾಳಿ ತುಂಬುವ ವಾಲ್ವ್ ಕೂರುವ ಸಣ್ಣ ತೂತು.

ತೂತಿನ ಅಂಚು ಯಾವಾಗಲೂ ಅಪಾಯದ ಜಾಗ. ಸಮತಟ್ಟಾದ ಲೋಹದಲ್ಲಿ ದುಂಡು ತೂತು ಕೊರೆದರೆ ಅದರ ಅಂಚಿನಲ್ಲಿ ಎಳೆತ ಮೂರು ಪಟ್ಟಾಗುತ್ತದೆ. ಮೊದಲ ಅಪಘಾತದಲ್ಲಿ, ಓವರ್‌ಹಾಲ್ ಮಾಡುವಾಗ ಬೇರೆ ಕಡೆಗೆ ಹಾಕಿದ ನಿಕಲ್ ಲೇಪ ಆ ತೂತಿನೊಳಕ್ಕೂ ನುಗ್ಗಿ ಕೂತಿತ್ತು. ಇರಬಾರದಾಗಿದ್ದ ಆ ಲೇಪದಿಂದ ದಣಿವಿನ ಬಿರುಕು ಹುಟ್ಟಿತು. ಎರಡನೆಯದರಲ್ಲಿ ತದ್ವಿರುದ್ಧ: ಆ ತೂತಿನಲ್ಲಿ ಇರಲೇಬೇಕಾಗಿದ್ದ ಕ್ಯಾಡ್ಮಿಯಂ ಲೇಪ ಇರಲಿಲ್ಲ. ಜಿಐ ಶೀಟಿಗೆ ಸತು ಮಾಡುವ ಕೆಲಸವನ್ನೇ ಇಲ್ಲಿ ಕ್ಯಾಡ್ಮಿಯಂ ಮಾಡುತ್ತದೆ, ತಾನು ಸವೆದು ಉಕ್ಕನ್ನು ಕಾಯುತ್ತದೆ. ಅದಿಲ್ಲದೆ ತುಕ್ಕಿನ ಗುಳಿ ಬಿತ್ತು, ಗುಳಿಯ ತಳದಿಂದ ಬಿರುಕು ಹೊರಟಿತು. ಲೇಪ ಯಾಕೆ ಇರಲಿಲ್ಲ ಎಂಬುದು ತನಿಖೆಯಲ್ಲಿ ತೀರ್ಮಾನವಾಗಲಿಲ್ಲ. ಅದರ ಜೊತೆ ಇನ್ನೊಂದು ಕಾರಣವನ್ನೂ ಮಂಡಳಿ ಎತ್ತಿ ಹೇಳಿತು. ಕಾಲನ್ನು 8 ವರ್ಷಕ್ಕೊಮ್ಮೆ ಓವರ್‌ಹಾಲ್ ಮಾಡಿ ಎಂದು ತಯಾರಕರ ಶಿಫಾರಸು ಇತ್ತು, ವಿಮಾನ ನಡೆಸುವವರ ಮಿತಿ 9 ವರ್ಷ. ಬಿರುಕು ಮುರಿತಕ್ಕೆ ಮೊದಲೇ ಕೈಗೆ ಸಿಗುತ್ತದೆ ಎನ್ನಲು ಸಾಕಷ್ಟು ಲೆಕ್ಕಾಚಾರ ಇಲ್ಲದೆ ಆ ಅಂತರ ಹಿಗ್ಗಿತ್ತು. ಕಾಲು ಕುಸಿದಾಗ ಎಂಟು ದಾಟಿತ್ತು, ಒಂಬತ್ತು ಆಗಿರಲಿಲ್ಲ.

ಈ ಎರಡು ಕಥೆಗಳಲ್ಲಿ ಕತ್ತಲೆ ರೂಮಿನಲ್ಲಿ ಕೂತವರ ಪಾಲು ಎಷ್ಟು ಎಂದು ಯೋಚಿಸಿ. ಒಂದರಲ್ಲಿ ತಪ್ಪಾದದ್ದು ಲೇಪದ ತೊಟ್ಟಿಯಲ್ಲಿ. ಇನ್ನೊಂದರಲ್ಲಿ, ಬಿರುಕು ದೊಡ್ಡದಾಗುವ ಮೊದಲು ಕಾಲು ಕತ್ತಲೆ ರೂಮಿಗೆ ಬರಲೇ ಇಲ್ಲ. ಪರೀಕ್ಷೆ ಅಂದರೆ ಒಂದು ದಿನದ ಮಾತು. ಬಿರುಕು ಹುಟ್ಟುವುದು ಮುಂದಿನ ಹತ್ತು ವರ್ಷದ ಯಾವುದೋ ರಾತ್ರಿ. ಇವತ್ತು ಇಲ್ಲದ ಬಿರುಕನ್ನು ಯಾವ ಕಣ್ಣೂ ಕಾಣದು, ಆದರೆ ಅದರ ಬೀಜವನ್ನು ಇವತ್ತೇ ಕಾಣಬಹುದು: ತುಕ್ಕಿನ ಗುಳಿ, ಗೀರು, ಲೇಪ ತಪ್ಪಿದ ತೂತು. ಒಳ್ಳೆಯ ಇನ್‌ಸ್ಪೆಕ್ಟರ್ ಹಸಿರು ಗೆರೆಗೆ ಕಾಯುವುದಕ್ಕೆ ಮೊದಲು ಬಿಳಿ ಬೆಳಕಿನಲ್ಲಿ ಭಾಗವನ್ನು ಕೈಯಾಡಿಸಿ ನೋಡುತ್ತಾರೆ. ಮಗಳಿಗೆ ಇದನ್ನು ನನ್ನ ಮಾತಾಗಿ ಹೇಳಿ.

ಬೀಜಗಳಲ್ಲಿ ಎರಡನ್ನು ನಾನು ಬಹಳ ಭಯದಿಂದ ನೋಡುತ್ತೇನೆ. ಒಂದು, ಹೈಡ್ರೋಜನ್. ಗ್ಯಾರೇಜಿನಲ್ಲಿ ತುಕ್ಕು ಹಿಡಿದ ಬೋಲ್ಟನ್ನು ಆ್ಯಸಿಡ್‌ನಲ್ಲಿ ಅದ್ದಿ ಬೆಳ್ಳಗೆ ಮಾಡುವುದು ನಿಮಗೆ ಗೊತ್ತಿರುವ ಕೆಲಸ. ಅದೇ ಆ್ಯಸಿಡ್ 300ಎಂ ಮೇಲೆ ಬಿದ್ದರೆ, ಅಲ್ಲಿ ಹುಟ್ಟುವ ಹೈಡ್ರೋಜನ್ ಉಕ್ಕಿನೊಳಗೆ ನುಗ್ಗಿ ಅದನ್ನು ಒಳಗಿಂದ ಪೆಡಸು ಮಾಡುತ್ತದೆ. ಕ್ರೋಮ್, ಕ್ಯಾಡ್ಮಿಯಂ ಲೇಪದ ತೊಟ್ಟಿಯಲ್ಲೂ ಇದೇ ಅಪಾಯ. ಅದಕ್ಕೇ ಲೇಪವಾದ ಕೆಲವೇ ಗಂಟೆಯೊಳಗೆ ಭಾಗವನ್ನು ಒಲೆಗೆ ಸೇರಿಸಿ, ಸುಮಾರು 190 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಬೇಯಿಸುತ್ತಾರೆ, ಹೈಡ್ರೋಜನ್ ಹೊರಗೆ ಹೋಗಲಿ ಎಂದು. ಬೇಯಿಸುವುದು ತಪ್ಪಿದರೆ ಅಂದು ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ಭಾರ ಹೊತ್ತು ನಿಂತ ಭಾಗ ಎಷ್ಟೋ ಗಂಟೆ, ಎಷ್ಟೋ ದಿನ ಕಳೆದು, ಯಾರೂ ಮುಟ್ಟದೆಯೇ ಸೀಳುತ್ತದೆ.

ಇನ್ನೊಂದು, ಗ್ರೈಂಡಿಂಗ್ ಸುಡುವುದು. ಇದು ನನ್ನ ಕಣ್ಣೆದುರು ಆದದ್ದು. ಕೆಲಸಕ್ಕೆ ಸೇರಿ ಮೂರನೆಯ ವರ್ಷ ಇರಬೇಕು. ಒಂದು ಆಕ್ಸಲ್ ಬಂದಿತ್ತು. ಹಿಂದಿನ ಓವರ್‌ಹಾಲ್ ಬೇರೆ ಒಂದು ಶಾಪಿನಲ್ಲಿ ಆಗಿತ್ತು, ಕಾಗದದಲ್ಲಿ ಎಲ್ಲ ಪರೀಕ್ಷೆಯೂ ಪಾಸು. ಬೇರಿಂಗ್ ಕೂರುವ ಜಾಗದ ಕ್ರೋಮ್ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. ಆ ಕ್ರೋಮ್ ಕಳಚಿ, ಅಯಸ್ಕಾಂತ ಕೊಟ್ಟು ದೀಪ ಹಿಡಿದೆ. ಒಂದು ಗೆರೆಯಲ್ಲ. ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳದ ಮಣ್ಣು ಒಡೆದಿರುತ್ತದಲ್ಲ, ಹಾಗೆ ಅಂಗೈಯಗಲ ಜಾಗದಲ್ಲಿ ಸಣ್ಣ ಸಣ್ಣ ಹಸಿರು ಗೆರೆಗಳು, ಹೆಚ್ಚಿನವು ಗ್ರೈಂಡಿಂಗ್ ಕಲ್ಲು ಓಡಿದ ದಿಕ್ಕಿಗೆ ಅಡ್ಡ. ಒರೆಸಿದೆ, ಮತ್ತೆ ಬರಿಸಿದೆ, ಅಲ್ಲೇ ಇದ್ದವು. ಆಮೇಲೆ ನೈಟಾಲ್ ಹಚ್ಚಿ ನೋಡಿದಾಗ, ಅಂದರೆ ನೈಟ್ರಿಕ್ ಆ್ಯಸಿಡ್‌ನ ತೀರ ತೆಳುವಾದ ದ್ರಾವಣದಲ್ಲಿ, ಬೂದು ಮೈಯ ನಡುವೆ ಕಪ್ಪು ಕಲೆ, ಕಪ್ಪಿನ ನಡುವೆ ಬಿಳಿ ಚುಕ್ಕೆ. ಕಪ್ಪಾದದ್ದು ಬಿಸಿಗೆ ಹದ ಕೆಟ್ಟು ಮೆತ್ತಗಾದ ಉಕ್ಕು. ಬಿಳಿಯದು ಕೆಂಪಗೆ ಕಾದು ಒಂದೇ ಕ್ಷಣದಲ್ಲಿ ತಣಿದು ಗಾಜಿನಂತಾದ ಉಕ್ಕು. ಯಾರೋ ಹೊತ್ತಾಯಿತೆಂದು ಕಲ್ಲನ್ನು ಒತ್ತಿ ಓಡಿಸಿದ್ದಾರೆ, ಅದರ ಮೇಲೆ ಕ್ರೋಮ್ ಹೊದಿಸಿದ್ದಾರೆ. ಆ ಆಕ್ಸಲ್ ಎಷ್ಟು ಸಾವಿರ ಸಲ ಜನರನ್ನು ಹೊತ್ತು ಇಳಿದಿರಬಹುದು ಎಂದು ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನೈಟಾಲ್ ಹಚ್ಚಿದ ಭಾಗವನ್ನೂ ಆಮೇಲೆ ಬೇಯಿಸಲೇಬೇಕು ಎಂಬುದನ್ನು ಇಲ್ಲೇ ಸೇರಿಸುತ್ತೇನೆ, ಅದೂ ಆ್ಯಸಿಡ್ಡೇ. ಈಗ ಕ್ರೋಮ್ ಇದ್ದ ಹಾಗೆಯೇ ಒಳಗಿನ ಸುಟ್ಟ ಜಾಗವನ್ನು ಪತ್ತೆ ಮಾಡುವ ಬಾರ್ಕ್‌ಹೌಸೆನ್ ಎಂಬ ಪರೀಕ್ಷೆಯೂ ಇದೆ. ಅಯಸ್ಕಾಂತದ ಬಲ ಏರಿಳಿಸುವಾಗ ಉಕ್ಕು ಹೊರಡಿಸುವ ಚಟಪಟ ಸಂಕೇತವನ್ನು ಅಳೆಯುವುದು ಅದರ ಕ್ರಮ.

ಇಷ್ಟು ಹೇಳಿ ಮನುಷ್ಯರ ಕಣ್ಣಿನ ಬಗ್ಗೆ ಹೇಳದಿದ್ದರೆ ನಿಮಗೆ ಅರ್ಧ ಉತ್ತರ ಕೊಟ್ಟಂತೆ. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್‌ನ ಡಿಸಿ-10 ವಿಮಾನ ಬಿದ್ದು, ಒಳಗಿದ್ದ 296 ಜನರಲ್ಲಿ 112 ಮಂದಿ ತೀರಿಕೊಂಡರು. ಅಲ್ಲಿ ಮುರಿದದ್ದು ಬಾಲದ ಎಂಜಿನ್ನಿನ ಟೈಟೇನಿಯಂ ಫ್ಯಾನ್ ಡಿಸ್ಕ್, ಲ್ಯಾಂಡಿಂಗ್ ಗೇರಲ್ಲ. ಆದರೆ ಆ ಡಿಸ್ಕನ್ನು ಅದಕ್ಕೆ 760 ಹಾರಾಟ ಮೊದಲು ಇದೇ ಹೊಳೆಯುವ ಪೆನಿಟ್ರಂಟ್‌ನಲ್ಲಿ ನೋಡಿದ್ದರು. ಆಗಲೇ ಬಿರುಕು ಸುಮಾರು ಅರ್ಧ ಇಂಚು ಉದ್ದವಿತ್ತು ಎಂದು ತನಿಖೆಯ ಲೆಕ್ಕ. ಅರ್ಧ ಇಂಚು ತಪ್ಪಿಹೋಯಿತು. ನೋಡಿದವರು ಸೋಮಾರಿಗಳೆಂದು ನಾನು ನಂಬುವುದಿಲ್ಲ. ನೂರು ಭಾಗ ನೋಡಿದರೆ ತೊಂಬತ್ತೊಂಬತ್ತರಲ್ಲಿ ಏನೂ ಇರದ ಕೆಲಸ ಇದು. ಮನಸ್ಸು ಮೆಲ್ಲಗೆ ‘ಇದರಲ್ಲೂ ಏನಿರುತ್ತದೆ’ ಎಂದು ಒಪ್ಪಿಕೊಂಡುಬಿಡುತ್ತದೆ, ಕಣ್ಣು ಅದರ ಹಿಂದೆ ಹೋಗುತ್ತದೆ. ಅಂದಿನ ತನಿಖೆಯೂ ಪರೀಕ್ಷೆಯಲ್ಲಿ ಮನುಷ್ಯರ ಮಿತಿಗಳಿಗೆ ಸಾಕಷ್ಟು ಗಮನ ಕೊಟ್ಟಿರಲಿಲ್ಲ ಎಂದೇ ಬರೆಯಿತು.

ಹಾಗಾದರೆ ಮಗಳ ಸಹಿಗೆ ಅರ್ಥವೇನು? ‘ಈ ಭಾಗ ಮುರಿಯುವುದಿಲ್ಲ’ ಎಂದು ಅವಳು ಬರೆದುಕೊಡುತ್ತಿಲ್ಲ. ಈ ಭಾಗವನ್ನು ಈ ಕ್ರಮದಲ್ಲಿ, ಇಷ್ಟು ಕರೆಂಟಿನಲ್ಲಿ, ಈ ದಿಕ್ಕುಗಳಲ್ಲಿ ನೋಡಿದೆ, ಮಿತಿ ಮೀರಿದ್ದು ಏನೂ ಕಾಣಲಿಲ್ಲ ಎಂದು ಬರೆಯುತ್ತಿದ್ದಾಳೆ. ಬೆಳಗ್ಗೆ ಕೊಳವೆಯಲ್ಲಿ ಕಣ ನೋಡದೆ ನೋಡಿದ್ದೇನೆ ಎಂದು ಬರೆದರೆ ಹೊಣೆ ಅವಳದು. ಎರಡನೆಯ ದಿಕ್ಕು ಬಿಟ್ಟರೆ ಅವಳದು. ಎಲ್ಲವನ್ನೂ ನ್ಯಾಯವಾಗಿ ಮಾಡಿ, ಆಮೇಲೆ ಯಾವುದೋ ತೊಟ್ಟಿಯಲ್ಲಿ ಲೇಪ ತಪ್ಪಿದರೆ ಆ ಹೊಣೆ ಅವಳ ತಲೆಗೆ ಬರುವುದಿಲ್ಲ. ಅವಳು ಒಬ್ಬಳೇ ಎಂದೂ ತಿಳಿಯಬೇಡಿ. ಲೆವೆಲ್ 1ರವರು ಹೇಳಿಕೊಟ್ಟಂತೆ ಮಾಡುತ್ತಾರೆ, ಲೆವೆಲ್ 2 ಆದವರು ತೀರ್ಪು ಕೊಟ್ಟು ಮುದ್ರೆ ಒತ್ತುತ್ತಾರೆ, ಲೆವೆಲ್ 3ರವರು ಕ್ರಮವನ್ನೇ ಬರೆದು ಒಪ್ಪಿಗೆ ಕೊಡುತ್ತಾರೆ. ಹತ್ತಿರದ ಸಣ್ಣ ಅಕ್ಷರ ಓದುವ ಕಣ್ಣಿನ ಪರೀಕ್ಷೆ ಪ್ರತಿ ವರ್ಷ ಆಗಬೇಕು. ಅನುಮಾನ ಬಂದರೆ ಭಾಗವನ್ನು ತಡೆದು ನಿಲ್ಲಿಸುವ ಅಧಿಕಾರ ಅವಳಿಗಿದೆ. ವಿಮಾನ ಕಾಯುತ್ತಿದೆ, ಬೇಗ ಬಿಡು ಎಂದು ಯಾರಾದರೂ ಒತ್ತಾಯಿಸುವ ದಿನ ಬಂದೇ ಬರುತ್ತದೆ. ಆ ದಿನ ಅವಳು ನಿಮಗೆ ಫೋನ್ ಮಾಡಿದರೆ, ನಿಲ್ಲಿಸಿದ್ದು ಸರಿ ಎಂದು ಹೇಳಿ. ಮನೆಯವರ ಆ ಒಂದು ಮಾತು ಆಗ ಬಹಳ ಕೆಲಸ ಮಾಡುತ್ತದೆ.

ಎಲ್ಲವನ್ನೂ ಪ್ರತಿ ಸಲ ಬಿಚ್ಚಿ ನೋಡುತ್ತಾರೆಯೇ ಎಂಬ ಯೋಚನೆಯೂ ನಿಮಗೆ ಬಂದಿರಬಹುದು. ಇಲ್ಲ. ಪ್ರತಿ ಹಾರಾಟದ ನಡುವೆ ಕಣ್ಣಾಡಿಸಿ ಸೋರಿಕೆ, ಗೀರು, ಟೈರು ನೋಡುತ್ತಾರೆ. ಜೋರಾಗಿ ಇಳಿದ ವಿಮಾನಕ್ಕೆ ಬೇರೆಯೇ ತಪಾಸಣೆ ಇದೆ. ಪೂರ್ತಿ ಬಿಚ್ಚಿ ಬರಿ ಉಕ್ಕು ಮಾಡುವುದು, ನಮ್ಮಲ್ಲಿ ಹೆಚ್ಚು ಓಡಾಡುವ ಗಾತ್ರದ ವಿಮಾನಗಳಲ್ಲಿ, ಸುಮಾರು 10 ವರ್ಷಕ್ಕೆ ಅಥವಾ 20,000 ಲ್ಯಾಂಡಿಂಗ್ ಆಸುಪಾಸಿಗೆ ಒಮ್ಮೆ, ಯಾವುದು ಮೊದಲೋ ಅದಕ್ಕೆ. ಮಗಳ ಮುಂದೆ ಇವತ್ತು ಮಲಗಿರುವ ಸಿಲಿಂಡರನ್ನು ಇನ್ನೊಬ್ಬರು ಹೀಗೆ ಬೆತ್ತಲೆ ಮಾಡಿ ನೋಡುವುದು ಮತ್ತೆ ಹತ್ತು ವರ್ಷಕ್ಕೆ.

ಕೊನೆಗೆ ನಿಮ್ಮಿಂದಲೇ ಆಗಬೇಕಾದ ಒಂದು ಕೆಲಸ. ಮುಂದಿನ ಸಲ ಗ್ಯಾರೇಜಿಗೆ ಮುರಿದ ಆಕ್ಸಲ್ ಬಂದರೆ ಗುಜರಿಗೆ ಹಾಕಬೇಡಿ. ಮುರಿದ ಮುಖಕ್ಕೆ ಒಂದಿಷ್ಟು ಎಣ್ಣೆ ಸವರಿ, ಬಟ್ಟೆ ಸುತ್ತಿ ತೆಗೆದಿಡಿ, ಹಬ್ಬಕ್ಕೆ ಅವಳು ಊರಿಗೆ ಬಂದಾಗ ಭೂತಗನ್ನಡಿ ಕೊಟ್ಟು ಕೂರಿಸಿ. ಕೆರೆಯ ನೀರು ಇಳಿಯುತ್ತ ದಡದಲ್ಲಿ ಬಿಟ್ಟ ಗೆರೆಗಳಂತೆ ಬಳೆ ಬಳೆಯಾಗಿ ಗುರುತು ಇರುತ್ತದೆ. ದೊಡ್ಡ ಬಳೆಯಿಂದ ಚಿಕ್ಕದಕ್ಕೆ, ಚಿಕ್ಕದರಿಂದ ಇನ್ನೂ ಚಿಕ್ಕದಕ್ಕೆ ಹಿಂದೆ ಹಿಂದೆ ಹೋದರೆ ಬಿರುಕು ಹುಟ್ಟಿದ ಚುಕ್ಕೆ ಸಿಗುತ್ತದೆ. ಅಲ್ಲಿ ಒಂದು ಗೀರೋ, ತುಕ್ಕಿನ ಗುಳಿಯೋ, ಯಾರೋ ಹಾಕಿದ ವೆಲ್ಡಿನ ಚುಕ್ಕೆಯೋ ಹೆಚ್ಚಾಗಿ ಇರುತ್ತದೆ. ಒಂದೇ ಎಚ್ಚರ: ಎರಡು ತುಂಡನ್ನು ಜೋಡಿಸಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ಜೋಡಿಸಬೇಡಿ. ಮುಖಕ್ಕೆ ಮುಖ ಉಜ್ಜಿದರೆ ಆ ಚುಕ್ಕೆ ಅಳಿಸಿಹೋಗುತ್ತದೆ.